ಬೆಟ್ಟ, ಬೇಣ, ಗೋಮಾಳ: ಊರೊಟ್ಟಿಗಿನ ಮೇವಿನ ನೆಲಕ್ಕೆ ಹಕ್ಕೂ ನೆರವೂ ಪಡೆಯುವ ಕ್ರಮ

ಮಲೆನಾಡಿನ ಸಣ್ಣ ರೈತನ ಕೊಟ್ಟಿಗೆಯಲ್ಲಿ ನಾಲ್ಕು ದನ ಇದ್ದರೆ ಅವುಗಳ ಹೊಟ್ಟೆ ತುಂಬುವುದು ಅವನ ಪಹಣಿಯ ಎರಡು ಎಕರೆಯಿಂದಲ್ಲ. ಊರ ಹಿಂದಿನ ಗುಡ್ಡ, ಹುಲ್ಲಿಗೆಂದು ಬಿಟ್ಟ ಬೇಣದ ಕರಡ (ಬಲಿತ ಒಣಹುಲ್ಲು), ಗೋಮಾಳದ ಹುಲ್ಲು, ಕಾಡಂಚಿನ ಸೊಪ್ಪು ಎಲ್ಲ ಸೇರಿ ಆ ದನಗಳನ್ನು ಸಾಕುತ್ತವೆ. ಆದರೆ ಸಹಾಯಧನದ ಅರ್ಜಿಗಳೆಲ್ಲ ಖಾತೆದಾರನ ಹೆಸರು, ಪಹಣಿ, ಆಧಾರ್ ಕೇಳುತ್ತವೆ. ಊರಿಗೆಲ್ಲ ಸೇರಿದ ನೆಲಕ್ಕೆ ಖಾತೆದಾರ ಇಲ್ಲ, ಆದ್ದರಿಂದ ಅರ್ಜಿಯೂ ಇಲ್ಲ. ಹುಲ್ಲು ಕಡಿಮೆಯಾಗುತ್ತಾ, ಲಂಟಾನ ಹೆಚ್ಚುತ್ತಾ ಹೋಗುವ ಅದೇ ಗುಡ್ಡದ ಮೇಲೆ ಒಂದು ದಿನ ಬೇರೆ ಯಾರದೋ ಬೇಲಿ ಬೀಳುತ್ತದೆ.

ಇಲ್ಲಿ ಕೆಲಸದ ಅನುಕ್ರಮವೇ ಮುಖ್ಯ. ಯೋಜನೆ, ಅನುದಾನ ಎಂದು ಮೊದಲೇ ಓಡಾಡಿದರೆ ಕಾಲ ಹಾಳು. ನೆಲ ಯಾವ ಇಲಾಖೆಯ ದಾಖಲೆಯಲ್ಲಿ ಏನೆಂದು ಬರೆದಿದೆ ಎಂದು ಮೊದಲು ತಿಳಿಯಬೇಕು. ನಂತರ ಊರಿನ ಹಕ್ಕನ್ನು ಕಾಗದಕ್ಕೆ ತರಬೇಕು. ಆಮೇಲೆ ಊರೇ ಒಂದು ಮೇವಿನ ಯೋಜನೆ ಬರೆದುಕೊಳ್ಳಬೇಕು. ಹಣ ಕೇಳುವುದು ಇವೆಲ್ಲ ಆದ ಮೇಲೆ.

ಮೊದಲ ಹೆಜ್ಜೆ: ನೆಲದ ದಾಖಲೆ ನೋಡುವುದು

ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದು ಗುಡ್ಡದ ಮೇಲೆ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಆ ನಂಬರ್ ಹಿಡಿದು ಪಹಣಿ ತೆಗೆಸಿ. ಜತೆಗೆ ಆಕಾರಬಂದ್ (ವಿಸ್ತೀರ್ಣ, ಕಂದಾಯದ ದಾಖಲೆ), ಟಿಪ್ಪಣಿ (ಅಳತೆಯ ನಕ್ಷೆ) ಮತ್ತು ಗ್ರಾಮ ನಕ್ಷೆಯ ಪ್ರತಿ ಪಡೆಯಿರಿ. ಪಹಣಿಯಲ್ಲಿ 'ಸರ್ಕಾರಿ ಗೋಮಾಳ' ಎಂದಿದೆ ಎಂದು ಅಷ್ಟಕ್ಕೇ ನಿಲ್ಲಬೇಡಿ. ಮಲೆನಾಡಿನಲ್ಲಿ ಒಂದೇ ಸರ್ವೆ ನಂಬರ್ ಕಂದಾಯ ಇಲಾಖೆಯಲ್ಲಿ ಗೋಮಾಳವಾಗಿಯೂ ಅರಣ್ಯ ಇಲಾಖೆಯಲ್ಲಿ ಅಧಿಸೂಚಿತ ಅರಣ್ಯವಾಗಿಯೂ ಇರುವುದು ಸಾಮಾನ್ಯ. ಕರ್ನಾಟಕ ಅರಣ್ಯ ಕಾಯ್ದೆ 1963ರ ಕಲಂ 4ರ ಅಡಿ ಮೀಸಲು ಅರಣ್ಯ ಮಾಡುವ ಉದ್ದೇಶ ಪ್ರಕಟಿಸಿ, ಕಲಂ 17ರ ಅಂತಿಮ ಘೋಷಣೆ ಆಗದೆ ದಶಕಗಟ್ಟಲೆ ಹಾಗೇ ಉಳಿದ ನೆಲ ಬೇಕಾದಷ್ಟಿದೆ. ಇದರ ಮೇಲೆ ಪರಿಭಾವಿತ ಅರಣ್ಯದ, ಅಂದರೆ ಎಲ್ಲರೂ 'ಡೀಮ್ಡ್ ಫಾರೆಸ್ಟ್' ಎನ್ನುವುದರ, ಪಟ್ಟಿಯೂ ಇದೆ. 2022ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿ ಪ್ರಕಟಿಸಿದ ಪಟ್ಟಿಯಲ್ಲಿ ನಿಮ್ಮ ಸರ್ವೆ ನಂಬರ್ ಇದೆಯೇ ನೋಡಿಕೊಳ್ಳಿ.

ಇದನ್ನು ಬಾಯಿಮಾತಿನಲ್ಲಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಲಯ ಅರಣ್ಯಾಧಿಕಾರಿ ಕಚೇರಿಗೂ ತಹಶೀಲ್ದಾರ್ ಕಚೇರಿಗೂ ಪ್ರತ್ಯೇಕವಾಗಿ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ ತಲಾ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. 'ನಮ್ಮ ಊರಿನ ಗುಡ್ಡದ ಬಗ್ಗೆ ಮಾಹಿತಿ ಕೊಡಿ' ಎಂದು ಬರೆಯಬೇಡಿ. 'ಸರ್ವೆ ನಂಬರ್ ಇಂತಿಷ್ಟರಲ್ಲಿ ಅರಣ್ಯ ಕಾಯ್ದೆಯ ಕಲಂ 4 ಅಥವಾ 17ರ ಅಧಿಸೂಚನೆ ಇದ್ದರೆ ಅದರ ದಿನಾಂಕ, ವಿಸ್ತೀರ್ಣ, ಗಡಿ ವಿವರ ಮತ್ತು ನಕ್ಷೆಯ ಪ್ರತಿ' ಎಂದು ಬರೆಯಿರಿ. ಪ್ರಶ್ನೆ ಎಷ್ಟು ಕಿರಿದೋ ಜಾರಿಕೊಳ್ಳಲು ಜಾಗ ಅಷ್ಟು ಕಡಿಮೆ.

ಉತ್ತರ ಬಂದ ಮೇಲೆ ನಿಮ್ಮ ನೆಲ ಮೂರರಲ್ಲಿ ಒಂದಾಗಿರುತ್ತದೆ: ಅರಣ್ಯದ ಪಟ್ಟಿಯಲ್ಲಿಲ್ಲದ ಶುದ್ಧ ಗೋಮಾಳ, ಯಾವುದೇ ಬಗೆಯ ಅರಣ್ಯ, ಅಥವಾ ಸವಲತ್ತಿನ ನೆಲ, ಅಂದರೆ ರೈತರಿಗೆ ಹಿಂದಿನಿಂದ ಬಳಕೆಯ ಸೌಲಭ್ಯವಿರುವ ನೆಲ. ಮೂರನೆಯದಕ್ಕೆ ಸೇರುವುದು ಉತ್ತರ ಕನ್ನಡದ ಬೆಟ್ಟ ಮತ್ತು ಹಾಡಿ, ದಕ್ಷಿಣ ಕನ್ನಡದ ಕುಮ್ಕಿ, ಬಾಣೆ ಮತ್ತು ಕಾನೆ, ಹಳೆ ಮೈಸೂರು ಸೀಮೆಯ ಕಾನು ಮತ್ತು ಸೊಪ್ಪಿನಬೆಟ್ಟ, ಕೊಡಗಿನ ಜಮ್ಮಾ ಮತ್ತು ಬಾಣೆ. ಭೂಕಂದಾಯ ಕಾಯ್ದೆ 1964ರ ಕಲಂ 79 ಈ ಸವಲತ್ತುಗಳನ್ನು ಉಳಿಸಿಕೊಟ್ಟಿದೆ. ಆದರೆ ಸವಲತ್ತು ಬೇರೆ, ಒಡೆತನ ಬೇರೆ. ಉತ್ತರ ಕನ್ನಡದಲ್ಲಿ ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟದ್ದು ಸೊಪ್ಪು, ದರಕು (ಉದುರಿದ ಒಣ ಎಲೆ), ಹುಲ್ಲಿಗಾಗಿ. ಆ ಬೆಟ್ಟವನ್ನು ತೋರಿಸಿ ಖಾಸಗಿ ಜಮೀನಿನ ಸಹಾಯಧನ ಕೇಳಿದರೆ ಅರ್ಜಿ ಅಲ್ಲೇ ಬೀಳುತ್ತದೆ.

ಗೋಮಾಳವಾದರೆ

ಗೋಮಾಳ ಕಾಯುವುದಕ್ಕೆ ಬೇಕಾದ ಲೆಕ್ಕ ಭೂಕಂದಾಯ ನಿಯಮಗಳಲ್ಲೇ ಇದೆ. 1966ರ ನಿಯಮಗಳ 97ನೇ ನಿಯಮದಂತೆ ಊರಿನ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಉಚಿತ ಹುಲ್ಲುಗಾವಲು ಕಾಯ್ದಿರಿಸಬೇಕು. ಊರಲ್ಲಿ 240 ದನ ಎಮ್ಮೆ ಇದ್ದರೆ 28.8 ಹೆಕ್ಟೇರ್, ಅಂದರೆ ಸುಮಾರು 71 ಎಕರೆ. ಪಶು ಆಸ್ಪತ್ರೆಯಿಂದ ಜಾನುವಾರು ಗಣತಿಯ ಗ್ರಾಮವಾರು ಅಂಕಿ ಪಡೆದು ಪಹಣಿಯ ಗೋಮಾಳದ ಒಟ್ಟು ವಿಸ್ತೀರ್ಣದ ಪಕ್ಕ ಇಟ್ಟು ನೋಡಿ. ಬಹುತೇಕ ಊರುಗಳಲ್ಲಿ ಇರುವುದು ಬೇಕಾದ್ದಕ್ಕಿಂತ ಕಡಿಮೆ. ಈ ಒಂದು ಪುಟದ ಲೆಕ್ಕ ನಿಮ್ಮ ಕೈಯಲ್ಲಿರುವ ಅತ್ಯಂತ ಗಟ್ಟಿ ದಾಖಲೆ, ಏಕೆಂದರೆ ಗೋಮಾಳವನ್ನು ಬೇರೆ ಉದ್ದೇಶಕ್ಕೆ ಕೊಡುವಾಗ 'ಹೆಚ್ಚುವರಿ ಇದೆ' ಎಂದೇ ಕಡತದಲ್ಲಿ ಬರೆಯಬೇಕಾಗುತ್ತದೆ.

ಅದೇ ಸರ್ವೆ ನಂಬರಿನಲ್ಲಿ ಬಗರ್ ಹುಕುಂ ಅರ್ಜಿ, ಅಂದರೆ ಸರ್ಕಾರಿ ನೆಲದ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿ, ಎಷ್ಟಿವೆ ಎಂದೂ ಕೇಳಿ. ನಮೂನೆ 50, 53, 57 ಮೂರನ್ನೂ ಹೆಸರಿಸಿ ಕೇಳಬೇಕು. ಒಂದನ್ನು ಬಿಟ್ಟರೆ ಅದರದ್ದೇ ಮಾಹಿತಿ ಬರುವುದಿಲ್ಲ. ಮಂಜೂರಾತಿಗೆ ಮೊದಲು ಜಾನುವಾರು ಲೆಕ್ಕ ಲಗತ್ತಿಸಿದ ಆಕ್ಷೇಪಣೆಯನ್ನು ತಹಶೀಲ್ದಾರರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಬಗರ್ ಹುಕುಂ ಸಮಿತಿಯ ಕಾರ್ಯದರ್ಶಿ ಅವರೇ. ಇಲ್ಲೊಂದು ಎಚ್ಚರಿಕೆ ಬೇಕು. ಅರ್ಜಿ ಹಾಕಿದವರಲ್ಲಿ ಬೇರೆ ನೆಲವೇ ಇಲ್ಲದ ಬಡವರೂ ಇರುತ್ತಾರೆ, ಹತ್ತಾರು ಎಕರೆ ತೋಟವಿದ್ದು ಗುಡ್ಡಕ್ಕೂ ಬೇಲಿ ಚಾಚಿದವರೂ ಇರುತ್ತಾರೆ. ಇಬ್ಬರನ್ನೂ ಒಂದೇ ಆಕ್ಷೇಪಣೆಯಲ್ಲಿ ಸೇರಿಸಿದರೆ ಊರು ಒಡೆಯುತ್ತದೆ, ಒಡೆದ ಊರು ಮುಂದಿನ ಯಾವ ಹೆಜ್ಜೆಯನ್ನೂ ಇಡಲಾರದು. ಮನೆ ಕಟ್ಟಿಕೊಂಡ ಭೂಹೀನರ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಮೊದಲೇ ಕೂತು ತೀರ್ಮಾನಿಸಿಕೊಳ್ಳಿ.

ದೊಡ್ಡ ಒತ್ತುವರಿಗೆ ಭೂಕಂದಾಯ ಕಾಯ್ದೆಯ ಕಲಂ 104ರ ಅಡಿ ತೆರವಿಗೆ ಅರ್ಜಿ ಕೊಡಬಹುದು. ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ಜಗಪಾಲ್ ಸಿಂಗ್ ಪ್ರಕರಣದಲ್ಲಿ ಗ್ರಾಮದ ಸಾಮಾನ್ಯ ಭೂಮಿಯ ಅಕ್ರಮ ಒತ್ತುವರಿ ತೆರವುಗೊಳಿಸಲು ಎಲ್ಲ ರಾಜ್ಯಗಳಿಗೂ ಯೋಜನೆ ರೂಪಿಸಲು ಹೇಳಿದೆ. ಆ ತೀರ್ಪಿನ ಉಲ್ಲೇಖ ಅರ್ಜಿಯಲ್ಲಿರಲಿ.

ಅರಣ್ಯವಾದರೆ: ನಮೂನೆ 'ಸಿ'

ಹೆಚ್ಚಿನ ಬೆಟ್ಟದ ಊರುಗಳಿಗೆ ದಾರಿ ಇದೇ. ಅರಣ್ಯ ಹಕ್ಕು ಕಾಯ್ದೆ 2006 ಎಂದ ಕೂಡಲೇ ಜನ ಮನೆ, ತೋಟದ ವೈಯಕ್ತಿಕ ಹಕ್ಕನ್ನಷ್ಟೇ ನೆನೆಯುತ್ತಾರೆ. ಅದು ನಮೂನೆ 'ಎ'. ಮೇಯಿಸುವ ಹಕ್ಕು ಕಲಂ 3(1)(ಡಿ)ಯಲ್ಲಿದೆ. ನೆಲೆ ನಿಂತವರ ಮೇವು, ಋತುವಿಗೆ ತಕ್ಕಂತೆ ಬಂದು ಹೋಗುವವರ ಮೇವು ಎರಡೂ ಅದರಲ್ಲಿ ಬರುತ್ತವೆ. ಇಂಥ ಬಳಕೆಯ ಹಕ್ಕಿಗೆ ನಮೂನೆ 'ಬಿ'. ಅದಕ್ಕಿಂತ ದೊಡ್ಡದು ಕಲಂ 3(1)(ಐ): ಊರಿನ ಸಾಂಪ್ರದಾಯಿಕ ಗಡಿಯೊಳಗಿನ ಇಡೀ ಸಾಮುದಾಯಿಕ ಅರಣ್ಯವನ್ನು ಕಾಯುವ, ಪುನರುಜ್ಜೀವನಗೊಳಿಸುವ, ನಿರ್ವಹಿಸುವ ಹಕ್ಕು. ಇದಕ್ಕೆ ನಮೂನೆ 'ಸಿ'. 'ಬಿ' ಮಾತ್ರ ಹಾಕಿದರೆ ಮೇಯಿಸಬಹುದು, ಆದರೆ ಅಲ್ಲಿ ಯಾವ ಗಿಡ ನೆಡಬೇಕು, ಯಾವ ತಿಂಗಳು ಮುಚ್ಚಬೇಕು ಎಂದು ತೀರ್ಮಾನಿಸುವವರು ಬೇರೆಯವರು. ಎರಡನ್ನೂ ಒಟ್ಟಿಗೆ ಹಾಕಿ.

'ಅರಣ್ಯ ಭೂಮಿ'ಯ ವ್ಯಾಖ್ಯೆ ಇಲ್ಲಿ ವಿಶಾಲ. ಮೀಸಲು, ರಕ್ಷಿತ, ವರ್ಗೀಕರಿಸದ, ಗಡಿ ಗುರುತಿಸದ, ಪರಿಭಾವಿತ ಅರಣ್ಯ ಎಲ್ಲವೂ ಬರುತ್ತವೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಕೂಡ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಿಗೆ (ಬುಡಕಟ್ಟಿನವರ ಸಣ್ಣ ಊರುಗಳಿಗೆ) 2011ರಲ್ಲಿ ಸಾಮುದಾಯಿಕ ಹಕ್ಕುಪತ್ರ ಸಿಕ್ಕದ್ದು ಹುಲಿ ಸಂರಕ್ಷಿತ ಪ್ರದೇಶದೊಳಗೇ. ಅಭಯಾರಣ್ಯದಲ್ಲಿ ಇಂಥ ಹಕ್ಕೇ ಇಲ್ಲ ಎಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ.

ಸಭೆಯಿಂದ ಶುರು ಮಾಡಿ. ಇಲ್ಲಿ ಗ್ರಾಮಸಭೆ ಎಂದರೆ ಇಡೀ ಪಂಚಾಯಿತಿಯ ಸಭೆಯಲ್ಲ. ಕಾಯ್ದೆಯ 'ಗ್ರಾಮ'ದಲ್ಲಿ ಮಜರೆ, ಬುಡಕಟ್ಟಿನವರು ನೆಲೆಸಿದ ಹಾಡಿ, ಕೇರಿ, ಪೋಡು ಎಲ್ಲವೂ ಸೇರಬಹುದು. ಅರವತ್ತು ಮನೆಯ ಮಜರೆಯಲ್ಲಿ ಕೋರಂ (ಬೇಕಾದ ಕನಿಷ್ಠ ಹಾಜರಿ) ಕೂಡಿಸುವುದು ಸಾಧ್ಯ, ಆರು ಹಳ್ಳಿಯ ಪಂಚಾಯಿತಿಯಲ್ಲಿ ಕಷ್ಟ. ಅರಣ್ಯ ಹಕ್ಕು ನಿಯಮಗಳ 2012ರ ತಿದ್ದುಪಡಿಯ ನಂತರದ ಕೋರಂ ಹೀಗಿದೆ: ಸದಸ್ಯರಲ್ಲಿ ಅರ್ಧಕ್ಕಿಂತ ಕಡಿಮೆ ಇರಕೂಡದು, ಹಾಜರಾದವರಲ್ಲಿ ಕನಿಷ್ಠ ಮೂರನೇ ಒಂದು ಭಾಗ ಮಹಿಳೆಯರು, ಹಕ್ಕಿನ ಬಗ್ಗೆ ನಿರ್ಣಯ ಮಾಡುವಾಗ ಹಕ್ಕುದಾರರಲ್ಲಿ ಅಥವಾ ಅವರ ಪ್ರತಿನಿಧಿಗಳಲ್ಲಿ ಕನಿಷ್ಠ ಅರ್ಧ ಜನ. ಅರ್ಜಿಗಳು ಹಿಂದಿರುಗುವ ದೊಡ್ಡ ಕಾರಣವೇ ಹಾಜರಿ ಪುಸ್ತಕ. ಮತದಾರರ ಪಟ್ಟಿಯನ್ನು ಮೇಜಿನ ಮೇಲಿಟ್ಟು ಸಹಿ ಹಾಕಿಸಿ, ಗಂಡು ಹೆಣ್ಣಿನ ಸಂಖ್ಯೆಯನ್ನು ನಿರ್ಣಯದ ಮೊದಲ ಸಾಲಿನಲ್ಲೇ ಬರೆಯಿರಿ. ಸಭೆಯ ಚಿತ್ರ ದಿನಾಂಕದೊಂದಿಗೆ ಇರಲಿ.

ಅದೇ ಸಭೆಯಲ್ಲಿ ಅರಣ್ಯ ಹಕ್ಕು ಸಮಿತಿ ಆರಿಸಿ. 10ರಿಂದ 15 ಸದಸ್ಯರು, ಮೂರನೇ ಒಂದಕ್ಕೆ ಕಡಿಮೆಯಾಗದಂತೆ ಮಹಿಳೆಯರು, ಊರಲ್ಲಿ ಪರಿಶಿಷ್ಟ ಪಂಗಡದವರಿದ್ದರೆ ಮೂರನೇ ಎರಡರಷ್ಟು ಅವರು. ಅಧ್ಯಕ್ಷ, ಕಾರ್ಯದರ್ಶಿಯ ಹೆಸರನ್ನು ಉಪವಿಭಾಗಾಧಿಕಾರಿ ನೇತೃತ್ವದ ಉಪವಿಭಾಗ ಸಮಿತಿಗೆ ಬರೆದು ತಿಳಿಸಿ. ಅದೇ ಪತ್ರದಲ್ಲಿ ಅರಣ್ಯ ನಕ್ಷೆ, ಕಂದಾಯ ನಕ್ಷೆ, ಮತದಾರರ ಪಟ್ಟಿ, ಅರ್ಜಿ ನಮೂನೆ ಕೇಳಿ. ಇವನ್ನು ಗ್ರಾಮಸಭೆಗೆ ಒದಗಿಸುವುದು ಆ ಸಮಿತಿಯ ಕರ್ತವ್ಯ, ನಮೂನೆಗೆ ಹಣ ಕೊಡಬೇಕಿಲ್ಲ.

ಎಲ್ಲರನ್ನೂ ಕಾಡುವುದು 75 ವರ್ಷದ ಪ್ರಶ್ನೆ. ಸೋಲಿಗ, ಜೇನುಕುರುಬ, ಮಲೆಕುಡಿಯ, 2003ರಲ್ಲಿ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಯರಂಥ ಪರಿಶಿಷ್ಟ ಪಂಗಡದವರಿಗೆ ಇದು ಅನ್ವಯಿಸದು. ಯಲ್ಲಾಪುರ, ಹಳಿಯಾಳ ಸೀಮೆಯ ಧನಗರ ಗೌಳಿಗಳು, ಜೋಯಿಡಾದ ಕುಣಬಿಗಳು, ಉಳಿದ ಬೆಟ್ಟದ ರೈತರು 'ಇತರ ಪಾರಂಪರಿಕ ಅರಣ್ಯವಾಸಿಗಳು'. ಅವರು 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25ರಂತೆ 75 ವರ್ಷ, ಅಲ್ಲಿ ನೆಲೆಸಿ ಕಾಡನ್ನು ಅವಲಂಬಿಸಿದ್ದನ್ನು ತೋರಿಸಬೇಕು. ತೋರಿಸಬೇಕಾದ್ದು ಆ ಪ್ರದೇಶದ ವಾಸವನ್ನು, ಅದೇ ತುಂಡು ನೆಲದಲ್ಲಿ 75 ವರ್ಷ ಉಳುಮೆ ಮಾಡಿದ್ದನ್ನಲ್ಲ. ಈ ಗೊಂದಲದಿಂದಲೇ ಎಷ್ಟೋ ಅರ್ಜಿಗಳು ವಜಾ ಆಗಿವೆ.

ಸಾಕ್ಷ್ಯ ಕನಿಷ್ಠ ಎರಡು ಬೇಕು. ಅರಣ್ಯ ಹಕ್ಕು ನಿಯಮ 13 ಸಾಮುದಾಯಿಕ ಹಕ್ಕಿಗೆ ಹೇಳುವ ಸಾಕ್ಷ್ಯಗಳು ಕಾಗದಕ್ಕಿಂತ ನೆಲದ ಮೇಲೆಯೇ ಹೆಚ್ಚು ಸಿಗುತ್ತವೆ. ಸಾಂಪ್ರದಾಯಿಕ ಮೇವಿನ ಜಾಗ, ದನ ನೀರು ಕುಡಿಯುವ ಹೊಂಡ, ದೇವರಕಾಡು, ಭೂತನ ಬನ, ಚೌಡಿಕಟ್ಟೆ, ಸ್ಮಶಾನ, ಹಳೆಯ ದೊಡ್ಡಿಯ ಕಲ್ಲಿನ ಅಡಿಪಾಯ, ಹಿಂದೊಮ್ಮೆ ಗೋಮಾಳವೆಂದು ದಾಖಲಾದ ಹಳೆ ಪಹಣಿ ಎಲ್ಲವೂ ನಡೆಯುತ್ತವೆ. ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆಯೂ ಸಾಕ್ಷ್ಯ. ಹಿರಿಯರಿಂದ 'ಹಿಂದಿನಿಂದಲೂ ಮೇಯಿಸುತ್ತಿದ್ದೆವು' ಎಂಬ ಒಂದು ಸಾಲು ಬರೆಸಬೇಡಿ. ಯಾವ ಬೇಣ, ಯಾವ ತಿಂಗಳು, ಯಾವ ಹಾದಿಯಲ್ಲಿ ದನ ಹೋಗುತ್ತಿತ್ತು, ನೀರೆಲ್ಲಿ, ಪಕ್ಕದ ಊರಿನ ಗಡಿ ಯಾವ ಹಳ್ಳ, ಕರಡ ಕೊಯ್ಲಿಗೆ ಯಾರು ಯಾವ ಪಾಲು ಹಿಡಿಯುತ್ತಿದ್ದರು, ಇದನ್ನೆಲ್ಲ ಹೆಸರು ಹಿಡಿದು ಬರೆಸಿ. ಸಮಿತಿಗಳು ನಿರ್ದಿಷ್ಟ ಒಂದೇ ದಾಖಲೆ ತನ್ನಿ ಎಂದು ಹಟ ಹಿಡಿಯುವಂತಿಲ್ಲ. ಉಪಗ್ರಹ ಚಿತ್ರ ಪೂರಕವಾಗಬಹುದೇ ಹೊರತು ಉಳಿದ ಸಾಕ್ಷ್ಯದ ಬದಲಿಗೆ ಬರಲಾರದು. ಮೇಯಿಸುವ ನೆಲ ಉಪಗ್ರಹ ಚಿತ್ರದಲ್ಲಿ ಬರೀ ಹಸಿರಾಗಿ ಕಾಣುವುದರಿಂದ ಈ ನಿಯಮ ನಮಗೆ ಬಹಳ ಮುಖ್ಯ.

ಗಡಿ ನಡೆಯುವ ದಿನ

ಸ್ಥಳ ಪರಿಶೀಲನೆಗೆ ಅರಣ್ಯ ಮತ್ತು ಕಂದಾಯ ಇಲಾಖೆಗೆ ಮೊದಲೇ ಲಿಖಿತ ನೋಟಿಸ್ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಅಧಿಕಾರಿಗಳು ಬಂದರೆ ಮಹಜರಿನಲ್ಲಿ ಸಹಿ, ಹುದ್ದೆ, ದಿನಾಂಕ, ಅಭಿಪ್ರಾಯ ಬರೆಯಬೇಕು. ಬಾರದೆ ಹೋಗಿ ಆಮೇಲೆ 'ನಾವಿರಲಿಲ್ಲ' ಎಂದು ಆಕ್ಷೇಪಿಸಿದರೆ ನಿಯಮ 12ಎ ಪ್ರಕಾರ ಒಮ್ಮೆ ಮಾತ್ರ ಮರುಪರಿಶೀಲನೆ. ಆಗಲೂ ಬಾರದಿದ್ದರೆ ಸ್ಥಳ ಪರಿಶೀಲನೆಯ ಮಟ್ಟಿಗೆ ಗ್ರಾಮಸಭೆಯ ನಿರ್ಣಯವೇ ಅಂತಿಮ. ನೋಟಿಸಿನ ಸ್ವೀಕೃತಿ ಇಲ್ಲದವರಿಗೆ ಈ ರಕ್ಷಣೆ ಇಲ್ಲ.

ಗಡಿ ನಡೆಯಲು ಮಳೆ ನಿಂತ ಮೇಲಿನ ನವೆಂಬರ್, ಡಿಸೆಂಬರ್ ಒಳ್ಳೆಯದು. ಹಳ್ಳ ಕಾಣುತ್ತದೆ, ಜಿಗಣೆ ಇರುವುದಿಲ್ಲ, ಕರಡ ಕೊಯ್ದ ಬೇಣದ ಅಂಚು ಸ್ಪಷ್ಟವಿರುತ್ತದೆ. ಮೊಬೈಲ್ ಜಿಪಿಎಸ್‌ನಲ್ಲಿ ದಾಖಲಿಸುತ್ತಾ ಹೋಗಿ, ಪ್ರತಿ ತಿರುವಿನಲ್ಲೂ ಕಣ್ಣಿಗೆ ಕಾಣುವ ಗುರುತು ಬರೆಯಿರಿ: ಬಂಡೆ, ಹಳ್ಳದ ಕೂಡು, ಹಳೆಯ ಮರ. ದಟ್ಟ ಮರಗಳಡಿ ಮೊಬೈಲ್ ಹತ್ತಾರು ಅಡಿ ತಪ್ಪು ತೋರಿಸುತ್ತದೆ. ನಕ್ಷೆಯಲ್ಲಿ ಗಡಿ ವಾಲಿದರೂ ಬರೆದ ಗುರುತು ಉಳಿಯುತ್ತದೆ.

ಪಕ್ಕದ ಊರಿನವರನ್ನು ಅಂದೇ ಕರೆಯಿರಿ. ಗುಡ್ಡದ ಎರಡು ಬದಿಯಿಂದಲೂ ದನ ಹತ್ತುತ್ತವೆ, ಗಡಿ ಒಂದೇ ಗೆರೆಯಾಗಿರುವುದು ಅಪರೂಪ. ತಕರಾರು ಬಂದರೆ ಎರಡೂ ಊರಿನ ಅರಣ್ಯ ಹಕ್ಕು ಸಮಿತಿಗಳು ಕೂಡಿ ಕೂತು ಬಗೆಹರಿಸಬೇಕು, ಆಗದಿದ್ದರೆ ಉಪವಿಭಾಗ ಸಮಿತಿಗೆ ಹೋಗುತ್ತದೆ. ಅಲ್ಲಿಗೆ ಹೋದ ತಕರಾರು ಬೇಗ ಇಳಿದು ಬರುವುದಿಲ್ಲ. 'ಈ ಬ್ಲಾಕಿನಲ್ಲಿ ಎರಡೂ ಊರಿನ ದನಕ್ಕೆ ಹಕ್ಕು' ಎಂದು ಇಬ್ಬರೂ ನಿರ್ಣಯದಲ್ಲಿ ಬರೆದುಕೊಳ್ಳುವುದು ಉತ್ತಮ ಪರಿಹಾರ. ಬೇಸಿಗೆಯಲ್ಲಿ ಬಂದು ಹೋಗುವ ಕುರಿಗಾರರು, ಗೌಳಿಗಳು ಇದ್ದರೆ ಅವರ ತಿಂಗಳು ಮತ್ತು ಹಾದಿಯನ್ನೂ ದಾಖಲಿಸಿ. ಅವರ ಹೆಸರು ಬಿಟ್ಟುಹೋದರೆ ಕಾಯ್ದೆ ಕೊಟ್ಟ ಹಕ್ಕನ್ನು ಊರೇ ಕಿತ್ತುಕೊಂಡಂತೆ.

ಸಮಿತಿಗಳ ಮುಂದೆ

ಗ್ರಾಮಸಭೆಯ ನಿರ್ಣಯ ಉಪವಿಭಾಗಾಧಿಕಾರಿ ಅಧ್ಯಕ್ಷತೆಯ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕಡತದ ಪ್ರತಿ ಪುಟಕ್ಕೂ ಸಂಖ್ಯೆ ಹಾಕಿ, ಪೂರ್ತಿ ನಕಲು ಊರಲ್ಲಿ ಇಟ್ಟುಕೊಂಡೇ ಕೊಡಿ. ಎರಡೂ ಸಮಿತಿಗಳಲ್ಲಿ ಪಂಚಾಯಿತಿಯ ಚುನಾಯಿತ ಸದಸ್ಯರು ಇರಬೇಕು. ರಾಜ್ಯದಲ್ಲಿ ತಾಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ಚುನಾವಣೆ ವರ್ಷಗಟ್ಟಲೆ ಮುಂದೆ ಹೋದದ್ದರಿಂದ ಈ ಸಭೆಗಳು ಸೊರಗಿವೆ. ತಿಂಗಳಿಗೊಂದು ಜ್ಞಾಪನ ಪತ್ರ ಕೊಡುವುದು, ಕಡತ ಯಾವ ಮೇಜಿನಲ್ಲಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳುವುದು ಬೇಸರದ ಕೆಲಸವಾದರೂ ಬಿಡಬೇಡಿ.

ತಿರಸ್ಕಾರವಾದರೆ ಕಾರಣ ವಿವರವಾಗಿ ಬರೆದು ಖುದ್ದಾಗಿ ತಿಳಿಸಬೇಕು. 'ದಾಖಲೆ ಸಾಲದು' ಎಂಬ ಎರಡು ಪದ ಕಾರಣವಾಗುವುದಿಲ್ಲ. ಉಪವಿಭಾಗ ಸಮಿತಿಯ ತೀರ್ಮಾನದ ಮೇಲೆ 60 ದಿನದೊಳಗೆ ಜಿಲ್ಲಾ ಸಮಿತಿಗೆ ಮೇಲ್ಮನವಿ. ಜಿಲ್ಲಾ ಸಮಿತಿಯದು ಅಂತಿಮ, ಅದರ ಮೇಲೆ ಹೈಕೋರ್ಟ್. ಯಾವುದಾದರೂ ಊರಿಗೆ ಸಾಮುದಾಯಿಕ ಅರಣ್ಯ ಸಂಪನ್ಮೂಲ ಹಕ್ಕು (ನಮೂನೆ 'ಸಿ'ಯಲ್ಲಿ ಕೇಳಿದ್ದು) ಕೊಡದೆ ಬಿಟ್ಟರೆ ಅದಕ್ಕೂ ಕಾರಣ ದಾಖಲಿಸುವುದು ಜಿಲ್ಲಾ ಸಮಿತಿಯ ಹೊಣೆ ಎಂದು ನಿಯಮ 12ಬಿ ಹೇಳುತ್ತದೆ. ಪರಿಶೀಲನೆ ಮುಗಿಯುವ ತನಕ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ.

ಹಕ್ಕುಪತ್ರ ಕೈಗೆ ಬಂದ ದಿನ ಫೋಟೊ ತೆಗೆಯುವ ಮೊದಲು ಮೂರು ವಿಷಯ ನೋಡಿ: ವಿಸ್ತೀರ್ಣ ನಿಮ್ಮ ನಿರ್ಣಯದಷ್ಟೇ ಇದೆಯೇ, ಗಡಿ ಸರಿಯಿದೆಯೇ, ಕಾಯ್ದೆಯಲ್ಲಿಲ್ಲದ ಷರತ್ತು ಸೇರಿಸಿದ್ದಾರೆಯೇ. ತಪ್ಪಿದ್ದರೆ ಅಲ್ಲೇ ಲಿಖಿತ ಆಕ್ಷೇಪಣೆ ಕೊಡಿ. ಅಂತಿಮ ನಕ್ಷೆ ಮಾಡಿ ಕಂದಾಯ ಮತ್ತು ಅರಣ್ಯ ದಾಖಲೆಗಳಲ್ಲಿ ಹಕ್ಕನ್ನು ಸೇರಿಸಲು ಇಲಾಖೆಗಳಿಗೆ ಹೆಚ್ಚೆಂದರೆ 3 ತಿಂಗಳ ಅವಧಿ ಇದೆ. ಇದನ್ನು ಯಾರೂ ನೆನಪಿಸದಿದ್ದರೆ ಹಕ್ಕುಪತ್ರ ಕಪಾಟಿನಲ್ಲೇ ಉಳಿಯುತ್ತದೆ.

ಗ್ರಾಮ ಅರಣ್ಯ ಸಮಿತಿ ಇದ್ದರೆ ಸಾಕಲ್ಲವೇ ಎಂದು ಅನೇಕರು ಕೇಳುತ್ತಾರೆ. ಸಾಲದು. 1993ರಿಂದ ನಡೆದ ಜಂಟಿ ಅರಣ್ಯ ಯೋಜನೆಯಡಿ ಆ ಸಮಿತಿಗೆ ಸಿಗುವುದು ಉತ್ಪನ್ನದಲ್ಲಿ ಪಾಲು, ತೀರ್ಮಾನ ಇಲಾಖೆಯ ಜತೆಯ ಒಪ್ಪಂದಕ್ಕೆ ಕಟ್ಟುಬಿದ್ದದ್ದು. ಎಷ್ಟೋ ಬೇಣಗಳಲ್ಲಿ ಅಕೇಶಿಯಾ ನೆಟ್ಟಾಗ ಊರಿನ ಒಪ್ಪಿಗೆಯ ಹೆಸರಲ್ಲಿ ನಡೆದದ್ದೂ ಇದೇ ಬಗೆಯ ವ್ಯವಸ್ಥೆಯಲ್ಲಿ. ಅಕೇಶಿಯಾದ ನೆರಳಿಗೂ ದರಕಿಗೂ ಸಿಕ್ಕಿದ ಹುಲ್ಲು ಮತ್ತೆ ಏಳುವುದು ಬಹಳ ಕಷ್ಟ.

ಮೇವಿನ ಯೋಜನೆ

ಅರಣ್ಯ ಹಕ್ಕು ನಿಯಮ 4ರಂತೆ ಗ್ರಾಮಸಭೆ ಒಂದು ನಿರ್ವಹಣಾ ಸಮಿತಿ ರಚಿಸಿ, ಅದು ಮಾಡಿದ ಸಂರಕ್ಷಣೆ ಮತ್ತು ನಿರ್ವಹಣಾ ಯೋಜನೆಗೆ ಗ್ರಾಮಸಭೆಯ ಒಪ್ಪಿಗೆ ಪಡೆಯಬೇಕು. ಗೋಮಾಳವಿರುವ ಊರೂ ಇದೇ ಮಾದರಿಯ ಯೋಜನೆಯನ್ನು ಪಂಚಾಯಿತಿ ಮೂಲಕ ಮಾಡಿಕೊಳ್ಳಲಿ. ಯಾವ ಇಲಾಖೆಯ ಬಾಗಿಲಿಗೆ ಹೋದರೂ ಕೇಳುವುದು ಈ ಹತ್ತು ಪುಟವನ್ನೇ.

ಮೊದಲು ಹುಲ್ಲಿನ ಲೆಕ್ಕ. ಅಕ್ಟೋಬರ್ ಕೊನೆಗೆ, ಹುಲ್ಲು ತೆನೆ ಬಿಟ್ಟು ಬಲಿಯುವ ಹೊತ್ತಿಗೆ, ಮೇಯದ ಜಾಗಗಳಲ್ಲಿ ಉದ್ದ ಅಗಲ ಎರಡೂ 1 ಮೀಟರ್ ಇರುವ ಚೌಕಟ್ಟು ಇಟ್ಟು ಒಳಗಿನ ಹುಲ್ಲನ್ನು ಬುಡದಿಂದ ಎರಡು ಬೆರಳು ಬಿಟ್ಟು ಕೊಯ್ದು ಒಣಗಿಸಿ ತೂಗಿ. ಗುಡ್ಡದ ಮೇಲ್ಭಾಗ, ಇಳಿಜಾರು, ತಗ್ಗು ಮೂರರಲ್ಲೂ ಹತ್ತಿಪ್ಪತ್ತು ಕಡೆ ಮಾಡಿ ಸರಾಸರಿ ತೆಗೆಯಿರಿ. ಒಣತೂಕದ ಗ್ರಾಂ ಅನ್ನು 10ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ. ಉದಾಹರಣೆಗೆ 250 ಗ್ರಾಂ ಬಂದರೆ ಹೆಕ್ಟೇರಿಗೆ 2,500 ಕಿಲೋ. ಅದರಲ್ಲಿ ಅರ್ಧ ನೆಲಕ್ಕೆ, ಬೇರಿಗೆ, ಬೀಜಕ್ಕೆ ಬಿಡಬೇಕು, ಮೇಯಲು 1,250 ಕಿಲೋ. ದನ ದಿನಕ್ಕೆ ತನ್ನ ತೂಕದ ಸುಮಾರು ನೂರಕ್ಕೆ ಎರಡೂವರೆಯಷ್ಟು ಒಣಮೇವು ತಿನ್ನುತ್ತದೆ. ಸಣ್ಣ ಗಾತ್ರದ ನಾಡತಳಿ ಮಲೆನಾಡು ಗಿಡ್ಡಕ್ಕೆ 3 ಕಿಲೋ ಹಿಡಿದರೆ ಆರು ತಿಂಗಳಿಗೆ 540 ಕಿಲೋ, ಹೆಕ್ಟೇರಿಗೆ ಎರಡು ಗಿಡ್ಡ. ಮಿಶ್ರತಳಿ ಹಸುವಿಗೆ ಇದರ ಎರಡು ಮೂರು ಪಟ್ಟು ಬೇಕು, ಅದನ್ನು ಗುಡ್ಡದ ಲೆಕ್ಕಕ್ಕೆ ಸೇರಿಸದೆ ಮನೆ ಮೇವಿನ ಮೇಲೆ ಇಡುವುದೇ ಸರಿ.

ಗುಡ್ಡವನ್ನು ನಾಲ್ಕು ಬ್ಲಾಕ್ ಮಾಡಿ. ಪ್ರತಿ ವರ್ಷ ಒಂದನ್ನು ಮುಂಗಾರಿನ ಮೊದಲ ಮಳೆಯಿಂದ ಬೀಜ ಉದುರುವ ತನಕ, ಅಂದರೆ ಜೂನ್‌ನಿಂದ ಅಕ್ಟೋಬರ್ ಕೊನೆಯವರೆಗೆ, ಪೂರ್ತಿ ಮುಚ್ಚಿ. ನಂತರ ಅಲ್ಲಿಂದಲೇ ಕರಡ ಕೊಯ್ದು ಹಂಚಿಕೊಳ್ಳಿ. ಮುಂದಿನ ವರ್ಷ ಇನ್ನೊಂದು ಬ್ಲಾಕ್. ವರ್ಷಪೂರ್ತಿ ಇಡೀ ಗುಡ್ಡ ಮುಚ್ಚುವ ಯೋಜನೆ ಕಾಗದದ ಮೇಲೆ ಚೆಂದ ಕಾಣುತ್ತದೆ, ಆದರೆ ಮೊದಲ ಆಷಾಢದಲ್ಲೇ ಮುರಿದುಬೀಳುತ್ತದೆ, ಏಕೆಂದರೆ ಎರಡು ದನದ ಭೂಹೀನ ಮನೆಗೆ ಬೇರೆ ಮೇವಿಲ್ಲ. ಮುಚ್ಚಿದ ಬ್ಲಾಕಿನ ಕರಡದಲ್ಲಿ ಅಂಥ ಮನೆಗೆ ಮೊದಲ ಪಾಲು ಎಂದು ನಿಯಮದಲ್ಲೇ ಬರೆಯಿರಿ. ದಂಡದ ಮೊತ್ತ, ಕಾವಲಿನ ಸರದಿ, ನೀರಿಗೆ ಹೋಗುವ ಹಾದಿ ತೆರೆದಿರಬೇಕೆಂಬುದು, ಇವನ್ನೂ ಬರೆಯಿರಿ.

ಕಳೆಯ ಕೆಲಸಕ್ಕೆ ಕಾಲ ಮುಖ್ಯ. ಕಮ್ಯುನಿಸ್ಟ್ ಗಿಡವನ್ನು ನೆಲ ಹಸಿ ಇರುವಾಗ, ಸೆಪ್ಟೆಂಬರ್ ಅಕ್ಟೋಬರ್‌ನಲ್ಲಿ, ಹೂ ಬರುವ ಮೊದಲು ಬೇರುಸಹಿತ ಕೀಳಬೇಕು. ಲಂಟಾನವನ್ನು ಮೇಲೆ ಸವರಿದರೆ ಎರಡು ಪಟ್ಟು ಚಿಗುರುತ್ತದೆ. ನೆಲಮಟ್ಟದಿಂದ ಎರಡು ಮೂರು ಬೆರಳು ಕೆಳಗೆ ತಾಯಿಬೇರು ಕಡಿದು, ಬುಡ ಮೇಲಾಗಿ ಮಗುಚಿ ಒಣಗಲು ಬಿಡಿ. ಮರುವರ್ಷ ಮೊಳೆತ ಸಸಿ ಕೀಳಲು ಕೂಲಿಯನ್ನು ಮೊದಲೇ ಅಂದಾಜಿನಲ್ಲಿ ಸೇರಿಸಿ. ಒಂದೇ ವರ್ಷದ ಅಂದಾಜು ಮಾಡಿದ ಕಡೆಯೆಲ್ಲ ಲಂಟಾನ ಹಿಂದಿರುಗಿದೆ.

ಕಳೆ ತೆಗೆದ ಬೋಳು ಜಂಬಿಟ್ಟಿಗೆ ನೆಲದಲ್ಲಿ ಸ್ಟೈಲೋ ಎಂಬ ಮೇವಿನ ಗಿಡ ಚೆನ್ನಾಗಿ ಬರುತ್ತದೆ. ಬೀಜದ ಸಿಪ್ಪೆ ಗಡುಸು. 80 ಡಿಗ್ರಿ ಬಿಸಿನೀರಿನಲ್ಲಿ 4-5 ನಿಮಿಷ ಇಟ್ಟು, ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ ಬಿತ್ತಬೇಕು. ಸಾಲಿಗೆ ಹೆಕ್ಟೇರಿಗೆ 6 ಕಿಲೋ, ಎರಚುವುದಾದರೆ 10 ಕಿಲೋ. ಬೀಜ ಮತ್ತು ಸಲಹೆಗೆ ಧಾರವಾಡದಲ್ಲಿರುವ ಭಾರತೀಯ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವನ್ನು ಕೇಳಬಹುದು. ಆದರೆ ಸ್ಟೈಲೋ ಹೊರಗಿನ ಗಿಡ. ಶೋಲಾ ಕಾಡಿನ ಪಕ್ಕದ ಎತ್ತರದ ಸಹಜ ಹುಲ್ಲುಗಾವಲಿಗೆ ಅದನ್ನು ಎರಚಬೇಡಿ, ಅಲ್ಲಿ ಟ್ರೆಂಚ್ ತೋಡುವುದೂ ಬೇಡ. ಅಲ್ಲಿನ ಹುಲ್ಲಿಗೆ ಬೇಕಾದ್ದು ಬಿಡುವು, ಗುದ್ದಲಿಯಲ್ಲ.

ಹಣದ ಬಾಗಿಲುಗಳು

ಕೂಲಿ ಪ್ರಧಾನವಾದ ಕೆಲಸಗಳಾದ ಕಳೆ ತೆಗೆಯುವುದು, ಕೊರಕಲಿಗೆ ಕಲ್ಲಿನ ತಡೆ, ದನದ ನೀರಿನ ಹೊಂಡ ಮುಂತಾದವಕ್ಕೆ ಉದ್ಯೋಗ ಖಾತರಿಯೇ ಹತ್ತಿರದ ಬಾಗಿಲು. ಸಂಸತ್ತು 2025ರ ಡಿಸೆಂಬರ್‌ನಲ್ಲಿ ಮನರೇಗಾ ಬದಲಿಗೆ 125 ದಿನಗಳ ಕೆಲಸದ ಹೊಸ ಕಾಯ್ದೆಯನ್ನು ಅಂಗೀಕರಿಸಿರುವುದರಿಂದ, ಅರ್ಜಿಯ ದಿನ ಯಾವ ನಿಯಮ ಜಾರಿಯಲ್ಲಿದೆ ಎಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಬಳಿ ಕೇಳಿ. ಹಳೆಯದಾಗಲಿ ಹೊಸದಾಗಲಿ, ಕಾಮಗಾರಿ ಗ್ರಾಮ ಪಂಚಾಯಿತಿಯ ಯೋಜನೆಯಲ್ಲಿ ಮೊದಲೇ ಇರಬೇಕು. ಆ ಯೋಜನೆಯ ಗ್ರಾಮಸಭೆ ತಪ್ಪಿಸಿಕೊಂಡರೆ ಒಂದು ವರ್ಷ ಹೋಯಿತು. ನಿರ್ಣಯದಲ್ಲಿ ಸರ್ವೆ ನಂಬರ್, ಬ್ಲಾಕ್, ಕೆಲಸ, ಅಂದಾಜು ಮಾನವದಿನ ಇರಲಿ. 'ಹಸಿರೀಕರಣ' ಎಂದಷ್ಟೇ ಬರೆಯಿಸಬೇಡಿ. ಆ ಪದದಡಿ ಸಸಿ ನೆಡುವ ಅಂದಾಜೇ ಬರುತ್ತದೆ. 'ಹುಲ್ಲುಗಾವಲು ಅಭಿವೃದ್ಧಿ' ಎಂದೇ ಬರೆಯಿಸಿ.

ನಿಮ್ಮ ಊರು ಜಲಾನಯನ ಯೋಜನೆಯ ವ್ಯಾಪ್ತಿಯಲ್ಲಿದ್ದರೆ ಕೃಷಿ ಇಲಾಖೆಯ ಜಲಾನಯನ ವಿಭಾಗಕ್ಕೆ ಹೋಗಿ. 2021-22ರಲ್ಲಿ ಶುರುವಾದ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆಯ ಜಲಾನಯನ ಘಟಕದ ಎರಡನೇ ಹಂತದಲ್ಲಿ ವೆಚ್ಚದ ಮಿತಿ ಬಯಲಿಗೆ ಹೆಕ್ಟೇರಿಗೆ 22,000 ರೂಪಾಯಿ, ಗುಡ್ಡಗಾಡಿನಂಥ ದುರ್ಗಮ ಪ್ರದೇಶಕ್ಕೆ 28,000 ರೂಪಾಯಿ. ಪಶುಪಾಲನಾ ಇಲಾಖೆಯ ಮೂಲಕ ನಡೆಯುವ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಪಾಳು ಭೂಮಿ ಮತ್ತು ಹುಲ್ಲುಗಾವಲಿನಲ್ಲಿ ಮೇವು ಬೆಳೆಸುವ ಘಟಕವಿದೆ. 2024ರ ಫೆಬ್ರವರಿಯ ಬದಲಾವಣೆಯಲ್ಲಿ ಹದಗೆಟ್ಟ ಅರಣ್ಯ ಭೂಮಿಯೂ ಸೇರಿತು. ಇದರ ನೆರವು ಹೋಗುವುದು ರಾಜ್ಯ ಸರ್ಕಾರಕ್ಕೆ, ಆದ್ದರಿಂದ ರೈತನ ಅರ್ಜಿ ನಮೂನೆ ಹುಡುಕಬೇಡಿ. ನಿಮ್ಮ ಯೋಜನೆಯ ಪ್ರತಿಯನ್ನು ಜಿಲ್ಲೆಯ ಪಶುಪಾಲನಾ ಉಪನಿರ್ದೇಶಕರಿಗೆ ಕೊಟ್ಟು ಇಲಾಖೆಯ ಪ್ರಸ್ತಾವದಲ್ಲಿ ಸೇರಿಸಲು ಕೇಳಿ. ಬುಡಕಟ್ಟು ಜನ ಹೆಚ್ಚಿರುವ ಊರಾದರೆ 2024ರ ಅಕ್ಟೋಬರ್ 2ರಂದು ಆರಂಭವಾದ ಧರ್ತಿ ಆಬಾ ಅಭಿಯಾನದಲ್ಲಿ ಊರಿನ ಹೆಸರಿದೆಯೇ ಎಂದು ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆಯಲ್ಲಿ ವಿಚಾರಿಸಿ. ಹಕ್ಕುಪತ್ರ ಪಡೆದವರಿಗೆ ಇಲಾಖೆಗಳು ತಮ್ಮ ಯೋಜನೆಗಳ ನೆರವು ಒದಗಿಸಬೇಕೆಂದು ಅರಣ್ಯ ಹಕ್ಕು ನಿಯಮ 16 ಹೇಳುತ್ತದೆ. ಪ್ರತಿ ಅರ್ಜಿಯ ಮೇಲ್ಭಾಗದಲ್ಲಿ ಆ ನಿಯಮದ ಸಂಖ್ಯೆ ಇರಲಿ.

ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯಿಂದ ದೊಡ್ಡ ಹಣ ಬರುವುದಿಲ್ಲ. ಆದರೂ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಬೇಣದ ಹುಲ್ಲುಗಳು, ಗಿಡ್ಡ ತಳಿ, ದೇವರಕಾಡು ಸೇರಿಸಿಡಿ. ನಾಳೆ ಆ ನೆಲಕ್ಕೆ ಸೌರ ಘಟಕವೋ ಕ್ವಾರಿಯೋ ಬಂದಾಗ 'ಪಾಳು ಭೂಮಿ' ಎಂಬ ಮಾತಿಗೆ ಎದುರಾಗಿ ಒಂದು ಸರ್ಕಾರಿ ದಾಖಲೆ ಇರುತ್ತದೆ.

ಹಣ ಬರತೊಡಗಿದ ಮೇಲೆ ಜಗಳ ಹುಟ್ಟುವುದು ಲೆಕ್ಕದಲ್ಲಿ. ಸಮಿತಿಯ ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ, ಅವರಲ್ಲಿ ಒಬ್ಬರು ಮಹಿಳೆ. ಕೂಲಿ ಪಟ್ಟಿ, ಕರಡದ ಹಂಚಿಕೆ, ದಂಡದ ವಸೂಲಿ ಮೂರನ್ನೂ ಒಂದೇ ಪುಸ್ತಕದಲ್ಲಿ ಬರೆದು ಯುಗಾದಿ ಮತ್ತು ದೀಪಾವಳಿಯ ಆಸುಪಾಸಿನ ಗ್ರಾಮಸಭೆಯಲ್ಲಿ ಓದಿ ಹೇಳಿ. ಹಾಜರಿಯನ್ನು ಮೊಬೈಲ್ ಚಿತ್ರದಲ್ಲಿ ದಾಖಲಿಸುವ ಕೆಲಸವಾದರೆ ಸಿಗ್ನಲ್ ಇಲ್ಲದ ಗುಡ್ಡದಲ್ಲಿ ಚಿತ್ರ ಮೇಲೇರಿಲ್ಲ ಎಂದು ಕೂಲಿ ತಪ್ಪುವುದುಂಟು. ಮೇಟಿ (ಕೂಲಿಕಾರರ ಮೇಲ್ವಿಚಾರಕ) ಅಂದಿನ ಸಂಜೆಯೇ ಸಿಗ್ನಲ್ ಇರುವಲ್ಲಿಗೆ ಬಂದು ಏರಿಸಬೇಕು, ಕೈಬರಹದ ಹಾಜರಿಗೂ ಅಂದೇ ಸಹಿ ಹಾಕಿಸಬೇಕು. ಮುಚ್ಚಿದ ಬ್ಲಾಕಿನಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ಅದೇ ಜಾಗಗಳಿಂದ ಒಂದು ಚಿತ್ರ ಮತ್ತು ಚೌಕಟ್ಟಿನ ಒಣಹುಲ್ಲಿನ ತೂಕ ಪುಸ್ತಕಕ್ಕೆ ಸೇರಲಿ. ಎರಡನೇ ಕಂತಿನ ಅರ್ಜಿಗೂ, ದನ ಹೆಚ್ಚಿಸಬಹುದೇ ಕಡಿಮೆ ಮಾಡಬೇಕೇ ಎಂಬ ಊರಿನ ತೀರ್ಮಾನಕ್ಕೂ ಆ ತೂಕವೇ ಆಧಾರ.